ಹದಿನಾಲ್ಕು ಕಂಬಗಳ ಸೊನ್ನೆ

ಸೊನ್ನೆ ಅಂದ್ರೆ ಸೊನ್ನೆ, ಮೇಡಂ! ಅದನ್ನ ಹಾಗೆ ತಿರುವಿ ತಿರುವಿ ನೋಡಿದ್ರೆ ಅದೇನು ಮರಿ ಹಾಕುತ್ತಾ? ಬೆಟ್ಟದ ಮೇಲೆ ಕರೆಂಟ್ ತೆಗೆಯೋ ಹದಿನಾಲ್ಕು ಗಾಳಿಕಂಬ. ಇವತ್ತು ಏಳು, ನಾಳೆ ಏಳು, ಹೀಗೆ ನಾಲ್ಕು ತಿಂಗಳು ಒಂದು ದಿನ ಬಿಡದೆ ಪ್ರತಿ ಕಂಬದ ಬುಡ ಸುತ್ತಿದೀನಿ. ರೆಕ್ಕೆಗೆ ಸಿಕ್ಕಿ ಸತ್ತ ಹಕ್ಕಿ, ಸೊನ್ನೆ. ಸತ್ತ ಬಾವಲಿ, ಸೊನ್ನೆ. ಕೊನೇ ಹಾಳೆಗೆ ಬನ್ನಿ... ಅಲ್ಲೇ, ಕೆಳಗೆ, ನನ್ನ ಸಹಿ ಪಕ್ಕ ಖಾಲಿ ಬಿಟ್ಟಿದೀನಲ್ಲ, ಅದು ನಿಮ್ಮ ಜಾಗ. ಒಂದು ಗೀಟು ಎಳೆದ್ರೆ ಮುಗೀತು. ಐದಕ್ಕೆ ಜೀಪು ಹೊರಡುತ್ತೆ, ವರದಿ ಹೋಗುತ್ತೆ, ನಾಳೆ ಬೆಳಿಗ್ಗೆ ಸಭೆ. ಸಭೇಲಿ ದೊಡ್ಡೋರು ಕೇಳೋದು ಒಂದೇ ಮಾತು, ಈ ಕಂಬಗಳಿಂದ ಎಷ್ಟು ಜೀವ ಹೋಯ್ತು ಅಂತ. ಸೊನ್ನೆ ಅಂದ್ರೆ ಇನ್ನೂ ಇಪ್ಪತ್ತು ಕಂಬ ಬರುತ್ತೆ. ಇಪ್ಪತ್ತು ಬಂದ್ರೆ ಕೆರೆ ಆಚೆ ಇರೋ ಕಲ್ಲಿದ್ದಲ ಸ್ಥಾವರದ ಹಳೇ ಬಾಯ್ಲರು ಆರುತ್ತೆ. ನಮ್ಮೂರಿಗೆ ಬೂದಿ ಬೀಳೋದು ನಿಲ್ಲುತ್ತೆ. ಇಷ್ಟೇ! ಪೆನ್ನು ಬೇಕಾ? ನನ್ನ ಜೇಬಲ್ಲಿದೆ.

...ಯಾಕೆ ಮೇಡಂ, ಪೆನ್ನು ಕೊಟ್ರೆ ಅದನ್ನ ಮೇಜಿನ ಮೇಲೆ ಇಟ್ಟುಬಿಟ್ರಿ?

ಓಹೋ. ನನ್ನ ಮೇಲೆ ಅನುಮಾನ! ಹೇಳಿಬಿಡಿ, ಮುಖದ ಮೇಲೆ ಹೇಳಿಬಿಡಿ, ನಾನು ಬೇಜಾರು ಮಾಡ್ಕೊಳ್ಳೋ ಜಾತಿಯಲ್ಲ. ಕೆಳಗೆ ಊರಿಗೆ ಹೋಗಿ ಕೇಳಿ, ಬಿರುಗಾಳಿ ಅಂದ್ರೆ ಯಾರು ಅಂತ. ಕೂಸಿನಿಂದ ಹಿಡಿದು ಹಲ್ಲು ಬಿದ್ದ ಮುದುಕರ ತನಕ ನಮ್ಮ ಮನೆ ಕಡೆ ಬೆರಳು ತೋರಿಸ್ತಾರೆ. ಆ ಹೆಸರು ಸುಮ್ನೆ ಬಂದಿದ್ದಲ್ಲ. ಹದಿನಾರು ವರ್ಷ ನನಗೆ, ಅಜ್ಜಿಗೆ ಹೊಟ್ಟೆನೋವು ಬಂದು ಮುದುರಿ ಬಿದ್ದಿದ್ಲು, ಇರೋ ಒಂದು ಬಸ್ಸೂ ಕೆಟ್ಟು ನಿಂತಿತ್ತು. ಬೆನ್ನ ಮೇಲೆ ಹೊತ್ಕೊಂಡೆ ನೋಡಿ! ಇದೇ ಬೆಟ್ಟ, ಈ ಕಡೆಯಿಂದ ಹತ್ತಿ ಆ ಕಡೆ ಇಳಿದು ಆಸ್ಪತ್ರೆ ಮುಟ್ಟಿಸಿದೆ. ಮಧ್ಯೆ ಎಲ್ಲೂ ಕೂರಲಿಲ್ಲ. ಡಾಕ್ಟರು ಅಜ್ಜಿ ನಾಡಿ ಹಿಡಿಯೋದು ಬಿಟ್ಟು ನನ್ನದು ಹಿಡಿದು ನೋಡಿದ್ರು, ಈ ಹುಡುಗನ ಎದೇಲಿ ಏನಿದೆ ಅಂತ! ಅಜ್ಜಿ ಏನಂದ್ಲು ಗೊತ್ತಾ? "ಸ್ವಲ್ಪ ನಿಧಾನ ಬಂದಿದ್ರೆ ನೋವು ಕಮ್ಮಿ ಆಗ್ತಿತ್ತು ಕಣೋ, ನೀನು ಕುಲುಕಿದ್ದಕ್ಕೇ ಅರ್ಧ ಜೀವ ಹೋಯ್ತು" ಅಂದ್ಲು.

ನಗಿ ಮೇಡಂ, ನಗಬಹುದು. ಅದು ನಗೋ ಜಾಗ.

...ಆಯ್ತು. ನಗಬೇಡಿ.

ನೀವು ಹೇಳಿಕೊಟ್ಟ ಕ್ರಮ ನನಗೆ ಬಾಯಿಪಾಠ. ಬೇಕಾದ್ರೆ ಒಪ್ಪಿಸ್ತೀನಿ. ಕಂಬದ ಬುಡದಿಂದ ಐವತ್ತು ಮೀಟರು ಹಗ್ಗ ಎಳೀಬೇಕು. ಐದು ಹೆಜ್ಜೆಗೊಂದು ಸಾಲು. ಸಾಲು ಹಿಡಿದು ಮೆಲ್ಲಗೆ ನಡೀಬೇಕು, ಎಡಕ್ಕೊಂದು ಕಣ್ಣು, ಬಲಕ್ಕೊಂದು ಕಣ್ಣು. ಪುಕ್ಕ ಕಂಡ್ರೂ ಬಿಡೋಹಾಗಿಲ್ಲ. ಸತ್ತಿದ್ದು ಸಿಕ್ಕಿದ್ರೆ ಬರಿಗೈಲಿ ಮುಟ್ಟಬಾರದು, ಫೋಟೋ ತೆಗೀಬೇಕು, ಚೀಲಕ್ಕೆ ಹಾಕಿ ಚೀಟಿ ಬರೀಬೇಕು. ಯಾವ ಕಂಬ, ಎಷ್ಟು ದೂರ, ಎಷ್ಟು ಗಂಟೆ. ಸರಿ ತಾನೆ? ಒಂದಕ್ಷರ ತಪ್ಪಿಲ್ಲ ತಾನೆ? ಮತ್ತೆ! ನಿಮ್ಮ ಕಾಲೇಜಿನ ಮಕ್ಕಳಿಗೂ ಇಷ್ಟು ನೆಟ್ಟಗೆ ಬರಲಿಕ್ಕಿಲ್ಲ.

ಒಂದು ಗುಟುಕು ನೀರು ಕುಡೀತೀನಿ. ಸೆಕೆ. ಈ ತಗಡಿನ ಕೋಣೇಲಿ ಕೂತ್ರೆ ಕೋಳಿ ಬೆಂದುಹೋಗುತ್ತೆ. ಆ ಹಾಳು ಫ್ಯಾನು ಸದ್ದು ಮಾಡುತ್ತೆ ಅಷ್ಟೇ, ಗಾಳಿ ಮಾತ್ರ ಕೇಳಬೇಡಿ.

...ಏನ್ ನೋಡ್ತಿದೀರಿ? ನನ್ನ ಶೂನಾ? ಚೆನ್ನಾಗಿದೆ ಮೇಡಂ, ನೀವೇ ಕೊಡಿಸಿದ್ದಲ್ವಾ. ಹೌದು, ಅಡಿ ಸವೆದಿಲ್ಲ. ಸವೆಯೋದು ಹೇಗೆ? ನಾನು ಶೂ ಹಾಕ್ಕೊಂಡು ಬೆಟ್ಟ ಹತ್ತಲ್ಲ. ಹಳ್ಳಿ ಕಾಲು ನಮ್ಮದು, ಮುಳ್ಳೇ ಹೆದರಿ ಪಕ್ಕಕ್ಕೆ ಸರಿಯುತ್ತೆ. ಬುಡದಲ್ಲಿ ಬಿಚ್ಚಿಟ್ಟು ಬರಿಗಾಲಲ್ಲಿ ಹೋಗ್ತೀನಿ. ನೀವು ಬಂದಾಗ ಮಾತ್ರ ಮರ್ಯಾದೆಗೆ ಹಾಕ್ಕೊಳ್ಳೋದು. ಕಾಲು ತೋರಿಸಲಾ? ಬೇಡ್ವಾ? ಸರಿ.

ಹೇಳಿ. ಕೇಳ್ತಿದೀನಿ.

ಏನು? ಜಗತ್ತಿನಲ್ಲಿ ಎಲ್ಲೂ ಸೊನ್ನೆ ಬಂದಿಲ್ವಾ? ಹದಿನಾಲ್ಕು ಕಂಬಕ್ಕೆ ನಾಲ್ಕು ತಿಂಗಳಲ್ಲಿ ಎಷ್ಟೋ ಒಂದಷ್ಟು ಬಿದ್ದೇ ಬೀಳುತ್ತಾ? ಹಾಗಾದ್ರೆ ನಮ್ಮ ಬೆಟ್ಟವೇ ಮೊದಲನೇದು! ನಮ್ಮ ಬಾವಲಿಗಳು ಬುದ್ಧಿವಂತರು ಮೇಡಂ, ಬಗ್ಗಿ ಹಾರ್ತವೆ. ನಮ್ಮೂರ ನೀರು ಕುಡಿದೋರೆಲ್ಲ ಹಾಗೇನೇ.

...ನೀವು ಹೀಗೆ ಕಣ್ಣು ಮಿಟುಕಿಸದೆ ನೋಡಿದ್ರೆ ನನಗೆ ಸಿಟ್ಟು ಬರುತ್ತೆ.

ಇಲ್ಲ, ನಿಜವಾಗ್ಲೂ ಬರುತ್ತೆ. ಯಾಕೆ ಗೊತ್ತಾ? ನೀವು ಒಂದು ಬಾವಲಿಗೆ ಕಣ್ಣೀರು ಹಾಕೋ ಜನ. ಹಾಕಿ, ಬೇಡ ಅನ್ನಲ್ಲ. ಆದ್ರೆ ತಕ್ಕಡಿ ಹಿಡಿದ ಮೇಲೆ ಎರಡೂ ಕಡೆ ಇಟ್ಟು ತೂಗಬೇಕು ತಾನೆ? ನಿಮ್ಮ ಫೋನು, ಅಲ್ಲಿ ಗೋಡೆಗೆ ಚುಚ್ಚಿದೀರಲ್ಲ, ಅದಕ್ಕೆ ಕರೆಂಟ್ ಎಲ್ಲಿಂದ ಬಂತು? ಆಕಾಶದಿಂದ ಉದುರಿತಾ? ಅದೇ ಕಲ್ಲಿದ್ದಲ ಬಾಯ್ಲರಿಂದ! ಆ ಫೋನಲ್ಲಿ ನೀವು ಬಾವಲಿ ಫೋಟೋ ತೆಗೆದ ಲೆಕ್ಕಕ್ಕೆ ನಮ್ಮಮ್ಮ ಇವತ್ತು ಬೆಳಿಗ್ಗೆ ಒಗೆದ ಸೀರೆ ಮತ್ತೆ ಒಗೀಬೇಕು. ನೀವು ನಮ್ಮನೆ ನೋಡಿಲ್ಲ. ಬನ್ನಿ ಒಂದಿನ. ತಟ್ಟೆ ಬೋರಲು ಹಾಕಿಡ್ತೀವಿ, ಲೋಟ ಬೋರಲು ಹಾಕಿಡ್ತೀವಿ. ನೀರಿನ ಕೊಡಕ್ಕೆ ಮುಚ್ಚಳ, ಮುಚ್ಚಳದ ಮೇಲೆ ಬಟ್ಟೆ, ಬಟ್ಟೆ ಮೇಲೆ ಬೂದಿ! ನಮ್ಮಕ್ಕನ ಮಗಳು ಅಕ್ಷರ ಕಲಿತಿದ್ದು ಸ್ಲೇಟಲ್ಲಲ್ಲ. ಕಿಟಕಿ ದಂಡೆ ಮೇಲೆ ಬೆರಳಲ್ಲಿ ಬರೀತಿತ್ತು, ಬೆಳಿಗ್ಗೆ ಬರೆದಿದ್ದು ಸಂಜೆಗೆ ಅಳಿಸಿ ಹೊಸ ಪಾಟಿ ರೆಡಿ. ಅಷ್ಟು ಬೀಳುತ್ತೆ. ಈಗ ಹೇಳಿ, ನಿಮ್ಮ ಪುಸ್ತಕದಲ್ಲಿ ಅದಕ್ಕೆ ಯಾವ ಸಾಲು ಇದೆ?

ನಾನು ಆ ಸ್ಥಾವರದಲ್ಲೇ ಮೂರು ವರ್ಷ ದುಡಿದೋನು. ನಿಮಗೆ ಹೇಳಿರಲಿಲ್ವಾ? ಬೂದಿ ವಿಭಾಗ. ಸಿಮೆಂಟಿನೋರ ಟ್ಯಾಂಕರ್ ಲಾರಿ ಬರ್ತಿತ್ತು. ಮೇಲೆ ಹತ್ತಿ, ಮುಚ್ಚಳ ತೆಗೆದು, ಆನೆ ಸೊಂಡಿಲಿನಂಥ ಕೊಳವೆ ಒಳಗೆ ಇಳಿಸಿ ಒಣಬೂದಿ ತುಂಬೋದು. ಆ ಕೊಳವೆ ಹಿಡಿಯೋಕೆ ಇಬ್ಬರು ಬೇಕು ಅಂತ ನಿಯಮ. ನಾನು ಒಬ್ಬನೇ ಹಿಡೀತಿದ್ದೆ! ದಿನಕ್ಕೆ ಹದಿನೆಂಟು ಲಾರಿ. ಆ ದಾಖಲೆ ಇನ್ನೂ ಯಾರೂ ಮುರಿದಿಲ್ಲ, ಕೇಳಿ ನೋಡಿ. ಮೂಗಿಗೆ ಕಟ್ಟೋ ಪಟ್ಟಿ ಕೊಡ್ತಿದ್ರು. ಉಳಿದೋರೆಲ್ಲ ಕಟ್ಕೊಳ್ಳೋರು. ನಾನು ಅವರನ್ನ ನೋಡಿ ಏನಂತಿದ್ದೆ ಗೊತ್ತಾ? "ಏನ್ರೋ, ಮದುವೆ ಹೆಣ್ಣುಗಳ ಥರ ಮುಸುಕು ಹಾಕ್ಕೊಂಡು ಎಲ್ಲಿಗೆ ಹೊರಟ್ರಿ?" ಅಂತಿದ್ದೆ! ನಕ್ಕೂ ನಕ್ಕೂ ಅರ್ಧ ಜನ ಬಿಚ್ಚಿಹಾಕಿದ್ರು. ನಾನೊಂದು ಮಾತಂದ್ರೆ ಆ ಸಾಲಿಗೆ ಸಾಲೇ ಕೇಳೋದು.

...ಹೌದು. ಬಿಟ್ಟೆ. ಬೇಜಾರಾಯ್ತು, ಬಿಟ್ಟೆ. ಮೇಸ್ತ್ರಿ ಜೊತೆ ಜಗಳ. ಅದನ್ನ ಯಾಕೆ ಕೇಳ್ತೀರಿ ಈಗ?

ಕಲ್ಲಿದ್ದಲು ಬೇಡ ಅಂದ್ರೆ ಅಣೆಕಟ್ಟು ಕಟ್ಟಿ ಅಂತಾರೆ. ನೀರಿನ ಕರೆಂಟು, ಹೊಗೆ ಇಲ್ಲ, ಬೂದಿ ಇಲ್ಲ. ನಮ್ಮಮ್ಮನ ಮುಂದೆ ಆ ಮಾತು ಆಡಿ ನೋಡಿ! ಅವಳ ತವರೂರು ಇವತ್ತು ನಲವತ್ತು ಅಡಿ ನೀರೊಳಗಿದೆ. ಎಲ್ಲರಿಗೂ ಬೇರೆ ಕಡೆ ಮನೆ ಕೊಟ್ರು, ಸರಿ. ಆದ್ರೆ ಒಂದೇ ಬೀದಿಯೋರನ್ನ ನಾಲ್ಕು ದಿಕ್ಕಿಗೆ ಹಂಚಿದ್ರು. ಅಮ್ಮನ ಜೊತೆ ಆಡಿ ಬೆಳೆದ ಗೆಳತಿ ಎಲ್ಲಿದ್ದಾಳೆ ಅಂತ ಇವತ್ತಿಗೂ ಗೊತ್ತಿಲ್ಲ. ಊರು ಮುಳುಗಿದ್ದಕ್ಕೆ ಅಳಲ್ಲ ಅವಳು, ಬೀದಿ ಒಡೆದಿದ್ದಕ್ಕೆ ಅಳ್ತಾಳೆ. ಇನ್ನು ಬಿಸಿಲಿನ ಕರೆಂಟು, ಗಾಜಿನ ಹಲಗೆ. ಅದು ಯಾರಿಗೂ ಏನೂ ಮಾಡಲ್ಲ ಅಂತೀರಾ? ನಮ್ಮ ಸೋದರಮಾವ ಕುರಿ ಸಾಕೋನು. ಮೇಯಿಸೋ ಬಯಲಿಗೆಲ್ಲ ಬೇಲಿ ಹಾಕಿ ಹಲಗೆ ಹಾಸಿದ್ರು. ಕಾಗದದಲ್ಲಿ ಅದು ಬರಡು ಭೂಮಿ! ಮುನ್ನೂರು ಕುರಿ ಎರಡು ತಲೆಮಾರಿಂದ ತಿಂತಿದ್ವು, ಬರಡು ಹೇಗಾಗುತ್ತೆ? ಈಗ ಬೇಲಿ ಸುತ್ತಿ ಹೋಗಿಬರೋಕೆ ಮೂರು ಗಂಟೆ. ಕುರಿಗಳು ನಡೆದೂ ನಡೆದೂ ಮೂಳೆ ಆಗಿದಾವೆ. ಮಾವ ಹೇಳ್ತಾನೆ, "ಸೂರ್ಯ ಮೊದಲು ನಮಗೆಲ್ಲ ಸೇರಿದ್ದ, ಈಗ ಅವನಿಗೂ ಗೇಟು ಇಟ್ರಲ್ಲೋ" ಅಂತ.

ಹೀಗೆ ಎಲ್ಲದಕ್ಕೂ ಒಂದು ಬೆಲೆ ಇದೆ ಮೇಡಂ. ಯಾರೋ ಒಬ್ಬರು ತೆರಬೇಕು. ಅಮ್ಮ ತೆತ್ತಳು, ಮಾವ ತೆತ್ತ, ಊರಿಗೆ ಊರೇ ತೆರ್ತಿದೆ. ಈ ಸಲ ಒಂದಷ್ಟು ಬಾವಲಿ ತೆತ್ರೆ ಏನಾಯ್ತು? ನೀವು ಯಾವ ಕಡೆ? ಹೇಳಿ! ನೀವು ನಮ್ಮ ಕಡೆನಾ, ಬಾವಲಿ ಕಡೆನಾ?

...ಅದೇನದು? ಕಾಲಡಿ ಏನೋ ಇಟ್ಕೊಂಡಿದ್ರಿ ಅಂತ ಆಗಲೇ ಅಂದ್ಕೊಂಡೆ. ತಿಂಡಿ ಡಬ್ಬಿನಾ? ಅಯ್ಯೋ, ಮೂಗಿಗೆ ಹೊಡೆಯುತ್ತಲ್ಲ... ಮುಚ್ಚಿ ಮೇಡಂ!

ಕೋಳಿಮರಿ. ಸತ್ತ ಕೋಳಿಮರಿ. ಒಂದು, ಎರಡು... ಹತ್ತು. ಕಾಲಿಗೆ ನೀಲಿ ದಾರ. ಬೆಟ್ಟದ ಮೇಲೆ ಕೋಳಿಮರಿ ಯಾಕೆ ಬಂತು? ಅವಕ್ಕೇನು ಹಾರೋಕೆ ಬರುತ್ತಾ, ಗಾಳಿಕಂಬಕ್ಕೆ ಹೋಗಿ ಬಡಿಯೋಕೆ?

ಏನಂದ್ರಿ?

ನೀವೇ ಇಟ್ಟಿದ್ದಾ. ಹೋದ ವಾರ. ನನಗೆ ಹೇಳದೆ. ಹುಡುಕೋನ ಕಣ್ಣು ಎಷ್ಟು ಚುರುಕು ಅಂತ ನೋಡೋಕೆ... ಎಲ್ಲಾ ಕಡೆ ಹೀಗೇ ಮಾಡ್ತಾರಾ? ನೂರು ಬಿದ್ರೆ ಎಷ್ಟು ಕಣ್ಣಿಗೆ ಬೀಳುತ್ತೆ ಅಂತ ಲೆಕ್ಕ ಹಾಕೋಕಾ? ಭೇಷ್! ಭೇಷ್ ಮೇಡಂ! ಓದಿದೋರು ಅಂದ್ರೆ ನೀವು. ನಾನು ಇಲ್ಲಿ ನಿಮ್ಮನ್ನ ಅಕ್ಕನ ಥರ ನೋಡ್ಕೊಂಡು ಬಂದ್ರೆ ನೀವು ನನಗೆ ಸತ್ತ ಕೋಳಿ ಇಟ್ಟು ಪರೀಕ್ಷೆ ಮಾಡ್ತೀರಾ?

ನರಿ ಎತ್ಕೊಂಡು ಹೋಗಿರುತ್ತೆ. ಕಾಗೆ ಕಚ್ಕೊಂಡು ಹೋಗಿ ಮತ್ತೆ ಬೀಳಿಸಿರುತ್ತೆ. ಕೋಳಿಮರಿ ಬಣ್ಣ ಮಣ್ಣಿನ ಬಣ್ಣ, ಹುಲ್ಲಲ್ಲಿ ಹೇಗೆ ಕಾಣ್ಬೇಕು? ಯಾರಿಗಾದ್ರೂ...

ಹೌದು! ಆಯ್ತು! ನಾನೇ!

ಕೇಳಿ, ಇನ್ನು ಮುಚ್ಚಿಡೋದಿಲ್ಲ. ಸೊನ್ನೆ ಸುಳ್ಳು. ಬಿದ್ದಿದಾವೆ. ಹಕ್ಕಿ ಬಿದ್ದಿದಾವೆ, ಬಾವಲಿ ಬಿದ್ದಿದಾವೆ, ಒಂದು ಗಿಡುಗ ರೆಕ್ಕೆ ಮುರಿದು ಬಿದ್ದಿತ್ತು. ನೀವು ಬರೋ ಮೊದಲೇ ನಾನು ಎತ್ತಿ ಹೂತುಹಾಕಿದೆ. ಎಷ್ಟು? ನಲವತ್ತು. ಐವತ್ತು ಅಂದ್ಕೊಳ್ಳಿ. ಒಂಬತ್ತನೇ ಕಂಬದ ಹಿಂದೆ ಬಂಡೆ ಇದೆಯಲ್ಲ, ಅದರ ಪಕ್ಕ ಗುಂಡಿ ತೋಡಿದೆ, ನಾನೇ, ಈ ಎರಡು ಕೈಯಲ್ಲಿ! ಯಾಕೆ? ನಮ್ಮೂರಿಗೋಸ್ಕರ! ಆ ಬಾಯ್ಲರು ಆರಲಿ ಅಂತ! ನಿಮ್ಮ ಐವತ್ತು ಹಕ್ಕಿ ಒಂದು ಕಡೆ, ನಮ್ಮ ಅಕ್ಕನ ಮಗಳ ಉಸಿರು ಒಂದು ಕಡೆ, ನಾನು ಬೇರೆ ಏನ್ ಮಾಡ್ಬೇಕಿತ್ತು? ಮಾಡಿದೆ. ಮತ್ತೆ ಬೇಕಾದ್ರೂ ಮಾಡ್ತೀನಿ. ಹೋಗಿ, ಬರೀರಿ, ಕೆಲಸದಿಂದ ತೆಗೀರಿ. ಊರೋರಿಗೆ ಗೊತ್ತಾದ್ರೆ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣೀತಾರೆ!

...ಏನಾದ್ರೂ ಅನ್ನಿ.

ಎದ್ರಿ ಯಾಕೆ? ಎಲ್ಲಿಗೆ?

ಗುಂಡಿ ತೋರಿಸ್ಬೇಕಾ? ಈಗಾ? ತೋರಿಸ್ತೀನಿ, ತೋರಿಸದೆ ಏನು. ಆದ್ರೆ ಈ ಬಿಸಿಲಲ್ಲಿ ನಿಮಗ್ಯಾಕೆ ತೊಂದರೆ? ಒಂಬತ್ತನೇ ಕಂಬ ಅಂದ್ರೆ ಹತ್ತಿರವಾ? ಜೀಪು ಹೋಗೋ ದಾರಿ ಆರನೇದಕ್ಕೇ ಮುಗಿಯುತ್ತೆ, ಆಮೇಲೆ ಕಡಿದಾದ ಏರು, ಕಾಲು ಜಾರುತ್ತೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ನಾಳೆ... ನಾಳೆ ಸಭೆ ಮುಗಿಸ್ಕೊಂಡು... ಅಥವಾ ನೀವೇ ಹೋಗಿಬನ್ನಿ, ಬಂಡೆ ಪಕ್ಕ, ಸುಲಭವಾಗಿ ಸಿಗುತ್ತೆ. ನನಗೆ ಇವತ್ತು ಕಾಲು ಸ್ವಲ್ಪ ಉಳುಕಿದೆ.

ಬೆಳಿಗ್ಗೆ ಹೋಗಿದ್ರಾ. ಒಬ್ಬರೇ?

ಹದಿನಾಲ್ಕೂ ಕಂಬ ಸುತ್ತಿದ್ರಾ...

ಹತ್ತೂ ಮರಿ... ಇಟ್ಟ ಜಾಗದಲ್ಲೇ ಇತ್ತಾ. ಇಟ್ಟ ಹಾಗೇ. ಜೊತೆಗೆ ಬೇರೆಯವೂ? ಬಾವಲಿ. ಹಳೇವು. ಒಣಗಿದ್ದು. ಚಪ್ಪಟೆ ಆಗಿದ್ದು. ಯಾರೂ ಮುಟ್ಟದೆ...

ಹಾಗಾದ್ರೆ ಗುಂಡಿ ಇಲ್ಲ ಅಂತ ನಿಮಗೆ ಗೊತ್ತಿತ್ತು. ನಾನು ಅಷ್ಟು ಹೊತ್ತು ಬಾಯಲ್ಲೇ ಗುಂಡಿ ತೋಡ್ತಾ ಇದ್ದಾಗ, ನೀವು ಹಾಗೇ ಕೂತು ಕೇಳ್ತಿದ್ರಿ. ನಿಮಗೆ ನಾಚಿಕೆ ಆಗ್ಲಿಲ್ವಾ ಮೇಡಂ?

ಕ್ಷಮಿಸಿ. ಆ ಮಾತು ನಾನು ಹೇಳಬಾರದು.

ಸರಿ, ಸೋಮಾರಿ ಅಂತ ಬರ್ಕೊಳ್ಳಿ. ಕೇಳೋದೇ ಬೇಡ, ನಾನೇ ಹೇಳ್ತೀನಿ. ಮರದ ಕೆಳಗೆ ಮಲಗ್ತಿದ್ದೆ. ಗೊರಕೆ ಹೊಡೀತಿದ್ದೆ. ಮನೇಲಿ ಕೂತು ಒಂದೇ ಸಲಕ್ಕೆ ಒಂದು ವಾರದ ಸೊನ್ನೆ ಬರೀತಿದ್ದೆ. ಹುಡುಗರು ಅಂದ್ರೆ ಹಾಗೇ ತಾನೆ? ಸೋಮಾರಿ ಬಿರುಗಾಳಿ! ಅದನ್ನ ಒಪ್ಕೋತೀನಿ. ಬೈಯಿರಿ, ಆದ್ರೆ ಸಹಿ ಹಾಕಿ. ಊರು ಏನು ತಪ್ಪು ಮಾಡಿದೆ?

ಹಾಕಲ್ವಾ...

ಸಭೆ ಮುಂದಕ್ಕೆ ಹೋಗುತ್ತೆ. ಎಷ್ಟು? ಒಂದು ವರ್ಷ! ಮತ್ತೆ ಮೊದಲಿಂದ ಎಣಿಸ್ಬೇಕಾ? ಮತ್ತೆ ಇದೇ ಕಾಲ ಬರೋ ತನಕ ಕಾಯ್ಬೇಕಾ? ಅಂದ್ರೆ ಆ ಬಾಯ್ಲರು ಇನ್ನೂ ಒಂದು ವರ್ಷ... ಅಲ್ಲ ಮೇಡಂ, ನಿಜ ಬರೆದಿದ್ರೂ ಅಷ್ಟೇ ತಾನೆ ಆಗ್ತಿದ್ದಿದ್ದು? ಐವತ್ತು ಬಾವಲಿ ಸತ್ತಿದಾವೆ ಅಂದ್ರೆ ಕಂಬ ಬೇಡ ಅಂತಿದ್ರು ತಾನೆ?

...ಅನ್ನಲ್ವಾ?

ಗಾಳಿ ಕಮ್ಮಿ ಇರೋ ಸಂಜೆಗಳಲ್ಲಿ ರೆಕ್ಕೆ ನಿಲ್ಲಿಸಿದ್ರೆ ಸಾಕಾ. ಬಾವಲಿ ಹಾರೋ ತಿಂಗಳಲ್ಲಿ ಮಾತ್ರ. ಆಗ ಕರೆಂಟೂ ಅಷ್ಟೇನು ಕಮ್ಮಿ ಆಗಲ್ಲ, ಬಾವಲಿನೂ ಉಳಿಯುತ್ತೆ. ಯಾವ ಕಂಬ, ಯಾವ ತಿಂಗಳು ಅಂತ ಗೊತ್ತಾಗೋಕೇ ಎಣಿಸೋದು... ಇದನ್ನ ನೀವು ನನಗೆ ಮೊದಲೇ ಹೇಳ್ಬೇಕಿತ್ತು! ಹೇಳಿದ್ರೆ ನಾನು...

ಹೇಳಿದ್ರಾ? ಮೊದಲ ದಿನವೇ?

...ಆಗ ನಾನು ಮಾತಾಡ್ತಿದ್ದೆ ಅನ್ಸುತ್ತೆ.

ಇರಲಿ ಬಿಡಿ. ದಾರಿ ಹುಡುಕೋಣ. ನಾನು ಹುಡುಕ್ತೀನಿ ದಾರಿ, ನನ್ನ ತಲೆ ಅಂಥದ್ದು, ಒಂದು ದಾರಿ ಮುಚ್ಚಿದ್ರೆ... ಯಾಕೆ ಬಾಗಿಲು ಹಾಕಿದ್ರಿ? ಹೊರಗೆ ಡ್ರೈವರಣ್ಣ ಕೇಳಿಸ್ಕೊಳ್ತಾನೆ ಅಂತಾನಾ? ಅವನು ಕೇಳಿಸ್ಕೊಳ್ಳಲಿ, ನನಗೇನು ಭಯ... ಆ ಸ್ವಿಚ್ಚಿನ ಹತ್ರ ಯಾಕೆ... ಫ್ಯಾನು ಬೇಕು ಮೇಡಂ. ಸೆಕೆ. ಆರಿಸಬೇಡಿ. ನಾನು ಮಾತಾಡ್ತಾ ಇದೀನಲ್ಲ, ಮಾತು ಮುಗೀಲಿ, ಆಮೇಲೆ...

ಆರಿಸಿಬಿಟ್ರಾ.

ಅದು ಕಿಟಕಿ ಸದ್ದು. ಸಂದಿಯಿಂದ ಗಾಳಿ ಬಂದ್ರೆ ಹೀಗೇ ಸಿಳ್ಳೆ ಹಾಕುತ್ತೆ.

ಮುಚ್ಚಿದೆ ಅಲ್ವಾ. ಹೊರಗೆ ಗಾಳಿನೂ ಇಲ್ಲ ಇವತ್ತು.

ಹಾಗಾದ್ರೆ... ನೀರಿನ ಪೈಪಿರಬೇಕು. ಈ ಕೋಣೆ ಕಟ್ಟಿದೋನೇ ಸರಿ ಇಲ್ಲ. ನಾನು ಕಟ್ಟಿದ್ರೆ...

...

ಎಷ್ಟು ಹೊತ್ತಿಂದ ಕೇಳಿಸ್ತಿದೆ ನಿಮಗೆ?

ಮೊದಲ ದಿನದಿಂದಲಾ.

ನನ್ನ ಎದೆ ಹೀಗೆ ಸಿಳ್ಳೆ ಹಾಕೋದು ಮನೇಲಿ ಯಾರಿಗೂ ಗೊತ್ತಿಲ್ಲ. ರೇಡಿಯೋ ಹಚ್ಚಿರ್ತೀನಿ. ಅಮ್ಮ ಮಲಗಿದ ಮೇಲೆ ಹೊರಗೆ ಹೋಗಿ ಮಲಗ್ತೀನಿ, ಸೆಕೆ ಅಂತ. ಸ್ಥಾವರದಲ್ಲಿ ಜಗಳ ಏನೂ ಆಗಿಲ್ಲ. ಡಾಕ್ಟರು ಬಂದು ಎಲ್ಲರ ಎದೆಯ ಫೋಟೋ ತೆಗೆದ್ರು. ಮಾರನೇ ದಿನ ಗೇಟಲ್ಲಿ ನಿಲ್ಲಿಸಿ, ನಿನಗೆ ಕೆಲಸ ಇಲ್ಲ ಅಂದ್ರು. ಫೋಟೋ ಕೊಡಲಿಲ್ಲ. ನಾನೂ ಕೇಳಲಿಲ್ಲ. ಪಟ್ಟಿ ಬಿಚ್ಚಿಹಾಕಿದ ಹುಡುಗರಲ್ಲಿ ಇಬ್ಬರು ನನ್ನ ಜೊತೆಗೇ ಹೊರಗೆ ಬಂದ್ರು. ಅವರ ಮನೆ ಕಡೆ ನಾನು ಹೋಗಲ್ಲ.

ಬೆಟ್ಟ ಹತ್ತಿದ್ದೆ ಮೇಡಂ. ಹತ್ತೇ ಇಲ್ಲ ಅಂತ ಅಂದ್ಕೋಬೇಡಿ. ಮೊದಲ ವಾರ ಮೂರನೇ ಕಂಬದ ತನಕ ಹೋದೆ. ಅಜ್ಜೀನ ಹೊತ್ಕೊಂಡು ಓಡಿದ ಬೆಟ್ಟ. ನಾಲ್ಕು ಹೆಜ್ಜೆ ಇಡೋದು, ನಿಲ್ಲೋದು. ನಾಲ್ಕು ಹೆಜ್ಜೆ, ನಿಲ್ಲೋದು. ಮೂರನೇದರ ಬುಡದಲ್ಲಿ ಕಣ್ಣಿಗೆ ಕತ್ತಲೆ ಕವಿದು ಕೂತುಬಿಟ್ಟೆ. ಕಣ್ಣು ಬಿಟ್ಟರೆ ಎದುರಿಗೆ ಅದು ಬಿದ್ದಿತ್ತು. ಬಾವಲಿ. ಸತ್ತಿರಲಿಲ್ಲ ಇನ್ನೂ. ಮೈಮೇಲೆ ಒಂದು ಗೀರಿಲ್ಲ, ರೆಕ್ಕೆ ನೆಟ್ಟಗಿತ್ತು. ನೀವು ಹೇಳಿದ್ರಲ್ಲ, ಅದೊಂದು ಮಾತ್ರ ನನ್ನ ಕಿವಿಗೆ ಬಿದ್ದಿತ್ತು, ಕೆಲವಕ್ಕೆ ರೆಕ್ಕೆ ತಾಗೋದೇ ಬೇಡ, ಹತ್ತಿರ ಹಾದ್ರೆ ಸಾಕು, ಒಳಗೆ ಶ್ವಾಸಕೋಶ ಒಡೆಯುತ್ತೆ ಅಂತಾರೆ ಅಂತ. ಬಾಯಿ ತೆರ್ಕೊಂಡು ಗಾಳಿ ಎಳೀತಿತ್ತು. ನಾನೂ ಎಳೀತಿದ್ದೆ. ಎದುರುಬದುರು ಕೂತು ಇಬ್ಬರೂ. ಯಾರು ಮೊದಲು ನಿಲ್ಲಿಸ್ತಾರೆ ಅಂತ ಪಂದ್ಯ ಕಟ್ಟಿದ ಹಾಗೆ.

ಅದು ನಿಲ್ಲಿಸ್ತು.

ಒಂದು ಅಂತ ಬರೆದಿದ್ರೆ ನೀವು ಎಲ್ಲಿ, ಬಾ ತೋರಿಸು ಅಂತಿದ್ರಿ. ನಿಮ್ಮ ಮುಂದೆ ಹತ್ತಬೇಕಾಗ್ತಿತ್ತು. ಸೊನ್ನೆ ಆದ್ರೆ ಯಾರಿಗೂ ತೋರಿಸೋದು ಬೇಡ. ಅಷ್ಟೇ ಯೋಚನೆ ಬಂದಿದ್ದು ನನಗೆ. ಊರು, ಬಾಯ್ಲರು, ಅಕ್ಕನ ಮಗಳು, ಅದೆಲ್ಲ ಆಮೇಲೆ ಜೋಡಿಸ್ಕೊಂಡಿದ್ದು.

ಮೇಡಂ.

ಫ್ಯಾನ್ ಹಾಕಿ. ಇಲ್ಲಾಂದ್ರೆ ಏನಾದ್ರೂ ಮಾತಾಡಿ. ಬೈಯಿರಿ, ಪರವಾಗಿಲ್ಲ. ನೀವು ಸುಮ್ಮನಿದ್ರೆ ನನಗೆ ಅದೇ ಕೇಳಿಸುತ್ತೆ.